ತಳಿ ನೋಡಿ ಯೂರಿಯಾ ಹಾಕೋಣ

ಕಳೆದ ಮುಂಗಾರಿನಲ್ಲಿ ನನ್ನ ತಮ್ಮ ಮೊದಲ ಸಲ ಅರ್ಧ ಎಕರೆಗೆ ಕುಫ್ರಿ ಹಿಮಾಲಿನಿ ಅನ್ನೋ ಆಲೂಗೆಡ್ಡೆ ತಳಿ ಹಾಕಿದ. ಗೊಬ್ಬರ ಎಷ್ಟು ಕೊಟ್ಟೆ ಅಂತ ಫೋನಿನಲ್ಲಿ ಕೇಳಿದೆ. 'ಜ್ಯೋತಿಗೆ ಹಾಕಿದಷ್ಟೇ' ಅಂದ. ಅವನ ತಪ್ಪಲ್ಲ. ಹಾಸನದ ಕಡೆ ಆಲೂಗೆಡ್ಡೆ ಅಂದರೆ ಜ್ಯೋತಿ ತಳಿ, ಮಣ್ಣು ಏರಿಸುವಾಗ ಯೂರಿಯಾ. ಎಲೆ ಸ್ವಲ್ಪ ಹಳದಿಯಾದರೆ ಇನ್ನೊಂದು ಬೊಗಸೆ. ನಾವು ಬೆಳೆದದ್ದೇ ಹೀಗೆ.

ನಾನೀಗ ಇರುವುದು ನೆದರ್‌ಲ್ಯಾಂಡ್ಸಿನ ಫ್ಲೆವೊಲ್ಯಾಂಡಿನಲ್ಲಿ. ನೀರು ಬಸಿದು ಪಡೆದ ಜೇಡಿ ನೆಲ. ಬೇಸಿಗೆಯಲ್ಲಿ ಪಕ್ಕದ ಹೊಲದ ರೈತ ಸಾಲಿನುದ್ದಕ್ಕೂ ನಡೆದು ಗಿಡದ ಮೇಲ್ಭಾಗದಿಂದ ಒಂದೊಂದು ಎಲೆ ಕೀಳುತ್ತಾರೆ. ಹಸಿರನ್ನೆಲ್ಲ ಬೆರಳಲ್ಲಿ ಸವರಿ ಉದುರಿಸಿ, ಬರೀ ತೊಟ್ಟನ್ನು ಚೀಲಕ್ಕೆ ಹಾಕುತ್ತಾರೆ. ಅದರಲ್ಲಿ ನೈಟ್ರೇಟ್, ಅಂದರೆ ಯೂರಿಯಾದ ಸಾರಜನಕ ಮಣ್ಣಿನಲ್ಲಿ ಬದಲಾಗಿ ಗಿಡ ಹೀರುವ ರೂಪ, ಎಷ್ಟಿದೆ ಅಂತ ಗೊತ್ತಾದ ಮೇಲೇ ಮುಂದಿನ ಗೊಬ್ಬರ. ಇಲ್ಲಿನ ಸರ್ಕಾರ ತಳಿಗಳನ್ನೇ ಮೂರು ಗುಂಪು ಮಾಡಿದೆ. ಜೇಡಿ ಮಣ್ಣಿಗೆ ಮೂಲ ಮಿತಿ, ಗುಂಪಿಗೆ ತಕ್ಕಂತೆ, ಹೆಕ್ಟೇರಿಗೆ 275, 250, 225 ಕಿಲೋ ಸಾರಜನಕ.

ತಳಿ ಯಾಕೆ ಮುಖ್ಯ? ಒಂದೇ ಹೊಲ, ಒಂದೇ ಗೊಬ್ಬರ ಇದ್ದರೂ ಒಂದು ತಳಿಯ ಗೆಡ್ಡೆಯಲ್ಲಿ ಇನ್ನೊಂದಕ್ಕಿಂತ ಜಾಸ್ತಿ ನೈಟ್ರೇಟ್ ಉಳಿಯುತ್ತದೆ. ಬಿಸಿಲಿದ್ದರೆ ಎಲೆ ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತದೆ. ಮೋಡ ಕವಿದಿದ್ದರೆ, ಯೂರಿಯಾ ತಡವಾದರೆ, ಎಳೆಯದಾಗಿ ಕಿತ್ತರೆ ಅದು ಹಾಗೇ ಉಳಿದುಬಿಡುತ್ತದೆ. ಹೆದರಬೇಕಿಲ್ಲ, ಪಾಲಕ್‌ನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಿಪ್ಪೆ ತೆಗೆದು ಬೇಯಿಸಿ ನೀರು ಬಸಿದರೆ ಇನ್ನೂ ಇಳಿಯುತ್ತದೆ.

ಇಲ್ಲಿ ಹೆಕ್ಟೇರಿಗೆ 40 ಟನ್ ಬರುವುದು ನೋಡಿ ನಮ್ಮವರು ಯೂರಿಯಾ ಏರಿಸಿದರೆ ಪ್ರಯೋಜನವಿಲ್ಲ. ಜೂನಿನಲ್ಲಿ ಇಲ್ಲಿ ಹಗಲು 16 ಗಂಟೆಗೂ ಜಾಸ್ತಿ, ಬೆಳೆ ನಾಲ್ಕೈದು ತಿಂಗಳು ನಿಲ್ಲುತ್ತದೆ. ನಮ್ಮಲ್ಲಿ ಹಗಲು 13 ಗಂಟೆ, ಮೇಲೆ ಮೋಡ, ಜೊತೆಗೆ ಅಂಗಮಾರಿ ರೋಗ. ಮೂರು ತಿಂಗಳಿಗೆ ಕಿತ್ತಾಯಿತು. ಆ ಬಿಸಿಲನ್ನು ಮೂಟೆಯಲ್ಲಿ ತರೋಕಾಗಲ್ಲ ಅಲ್ವಾ? ಗಿಡ ಹೀರದೆ ಬಿಟ್ಟ ನೈಟ್ರೇಟ್ ಮಳೆ ನೀರಿನ ಜೊತೆ ಅಂತರ್ಜಲಕ್ಕೆ ಇಳಿಯುತ್ತದೆ. ನನಗೆ ನಿಜವಾಗಿ ಭಯ ಇರುವುದು ಅದರದ್ದೇ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿ ನೋಡಿದರೆ ಕರ್ನಾಟಕದ ಪ್ರತಿ 100 ನೀರಿನ ಮಾದರಿಗಳಲ್ಲಿ 40ಕ್ಕೂ ಹೆಚ್ಚು ಇದನ್ನು ದಾಟಿವೆ. ನೈಟ್ರೇಟಿನ ಅಪಾಯ ಹೆಚ್ಚಿರುವ ಹಸುಗೂಸಿಗೆ ಹಾಲಿನ ಪುಡಿ ಕಲಸುವುದೂ ಅದೇ ನೀರಿನಲ್ಲಿ.

ಪಂಜಾಬಿನ ಜಲಂಧರದಿಂದ ಬರುವ ಬೀಜದ ಮೂಟೆಯ ಜೊತೆ ಒಂದು ಕನ್ನಡ ಚೀಟಿ ಇರಲಿ. ಈ ತಳಿಗೆ ಸಾರಜನಕ ಇಷ್ಟು, ಕೊನೆಯ ಯೂರಿಯಾ ಇಷ್ಟು ದಿನದೊಳಗೆ ಅಂತ. ಸದ್ಯಕ್ಕೆ ತಮ್ಮನನ್ನು ಒಪ್ಪಿಸಿದ್ದೇನೆ. ಈ ಸಲ ಹಿಮಾಲಿನಿಯ ನಾಲ್ಕು ಸಾಲಿಗೆ ಯೂರಿಯಾ ಕಡಿಮೆ ಹಾಕಿ, ಆ ಗೆಡ್ಡೆಯನ್ನು ಬೇರೆಯಾಗಿ ತೂಗುತ್ತಾನೆ.