ನೀರಲ್ಲಿ ನಿಂತ ಇಂಜಿನ್, ದಡದಲ್ಲಿ ನಿಂತ ತಜ್ಞರು

ದೋಣಿಯ ಹಿಂದೆ ಹೊರಗಡೆ ಸಿಕ್ಕಿಸುವ ಹಳೆ ಔಟ್‌ಬೋರ್ಡ್ ಇಂಜಿನ್‌ಗೆ ಒಂದು ಗುಣ ಉಂಟು. ಅಂಗಳದಲ್ಲಿ ಡ್ರಮ್ಮಿನ ನೀರಿಗೆ ಇಳಿಸಿ ಚಾಲೂ ಮಾಡಿದರೆ ಅದರಷ್ಟು ಸಾಧು ಇನ್ನೊಂದಿಲ್ಲ. ಒಂದೇ ಎಳೆತಕ್ಕೆ ಶುರು, ಹೊಗೆ ಹದವಾಗಿ, ಇಂಜಿನ್ ತಂಪು ಮಾಡಿ ಬಂದ ನೀರು ಸಣ್ಣ ತೂತಿನಿಂದ ಚಿಮ್ಮುವುದೂ ಸರಿಯಾಗಿ. ಅದನ್ನೇ ದೋಣಿಗೆ ಕಟ್ಟಿ, ಮೂರು ನಾಲ್ಕು ಜನ ಕೂತು, ಹೊಳೆಯ ನಡುವೆ ಹೋಗಿ ಪೂರ್ತಿ ರೇಸ್ ಕೊಟ್ಟು ನೋಡಿ. ಆಗ ಅದಕ್ಕೆ ತನ್ನ ವಯಸ್ಸು ನೆನಪಾಗುತ್ತದೆ.

ಭಾವನ ಇಂಜಿನ್ ಅಕ್ಕನ ಮದುವೆಗಿಂತ ಹಳೆಯದು. ಎರಡು ಸಿಲಿಂಡರ್, ಎರಡು ಸ್ಟ್ರೋಕ್, ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್ ಬೆರೆಸಿ ಹೊಯ್ಯಬೇಕು. ಉಡುಪಿಯ ಕೆಮ್ಮಣ್ಣು ಕಡೆ ಸುವರ್ಣಾ ನದಿಯ ಒಂದು ಕುದ್ರುವಿನಲ್ಲಿ, ಅಂದರೆ ಹೊಳೆ ನಡುವಿನ ದ್ವೀಪದಲ್ಲಿ, ಅವರಿಗೆ ಸ್ವಲ್ಪ ತೆಂಗಿನ ತೋಟ ಇದೆ. ಕಾಯಿ ತರಲಿಕ್ಕೆ ಈ ದೋಣಿಯೇ ಗತಿ. ತಿಮ್ಮಣ್ಣಕುದ್ರುವಿಗಾದರೆ ತೂಗುಸೇತುವೆ ಉಂಟು, ನಮ್ಮದಕ್ಕೆ ಇಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿ ಶುರು ಮಾಡಿದವರು, ಆಮೇಲೆ ನೂರಕ್ಕೂ ಜಾಸ್ತಿ ಕಟ್ಟಿದರು, 2017ರಲ್ಲಿ ಪದ್ಮಶ್ರೀಯೂ ಬಂತು. ಅಷ್ಟರಲ್ಲಿ ನಮಗೂ ಒಂದು ಬಿದ್ದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ತೊಂದರೆ ಜೋರಾದದ್ದು ಆಯುಧ ಪೂಜೆ ಕಳೆದ ಮೇಲೆ. ಅಕ್ಕನ ಅತ್ತೆ ಪೂಜೆ ಮಾಡಿದರೆ ಅರ್ಧಂಬರ್ಧ ಮಾಡುವವರಲ್ಲ. ಕತ್ತಿ, ಮೆಟ್ಟುಕತ್ತಿ, ಮಿಕ್ಸಿ, ಸ್ಕೂಟರ್ ಎಲ್ಲ ಮುಗಿಸಿ ದೋಣಿಯ ಇಂಜಿನ್‌ಗೂ ಗಂಧ ಕುಂಕುಮ ಇಟ್ಟು, ಸೇವಂತಿಗೆ ಮಾಲೆ ಹಾಕಿ, ನೀರು ತಳ್ಳುವ ಫ್ಯಾನಿನ ಅಡಿಗೆ ಲಿಂಬೆಹಣ್ಣು ಇಟ್ಟರು. ಮರುದಿನದಿಂದ ಇಂಜಿನ್ ಒಂದಷ್ಟು ದೂರ ಚೆನ್ನಾಗಿ ಹೋಗುವುದು, ಆಮೇಲೆ ಉಸಿರು ಕಟ್ಟಿ ನಿಲ್ಲುವುದು. ನಿಲ್ಲುವ ಜಾಗವನ್ನೂ ಅದು ನೋಡಿಕೊಂಡೇ ಆರಿಸುತ್ತಿತ್ತು. ಒಮ್ಮೆ ಇಳಿತದ ನೀರಿನಲ್ಲಿ ನಮ್ಮನ್ನು ತೂಗುಸೇತುವೆಯ ಹತ್ತಿರ ತಂದು ಬಿಟ್ಟಿತು. ಮೇಲೆ ಪೂರಾ ಪ್ರವಾಸಿಗರು. ಸೂರ್ಯಾಸ್ತ ತೆಗೆಯಲು ಬಂದವರೆಲ್ಲ ಮೊಬೈಲ್ ಕೆಳಗೆ ತಿರುಗಿಸಿದರು. ಒಬ್ಬರು "ಚೋಕ್ ಎಳೀರಿ" ಅಂತ ಕೂಗಿದರು, ಇನ್ನೊಬ್ಬರು "ಚೋಕ್ ಒಳಗೆ ಹಾಕಿ" ಅಂತ. ಭಾವ ಇಬ್ಬರಿಗೂ ಕೈ ಬೀಸಿ ಹುಟ್ಟು ತೆಗೆದುಕೊಂಡರು.

ಊರಲ್ಲಿ ಸುದ್ದಿ ಹಬ್ಬಿದ ಮೇಲೆ ತಜ್ಞರಿಗೆ ಬರ ಇರಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಕಸುಬಿನಲ್ಲಿ ಬರುವ ರೋಗವೇ ಅದರಲ್ಲಿ ಕಾಣುತ್ತದೆ. ರಿಕ್ಷಾದ ಅಣ್ಣ ಪ್ಲಗ್ ಅಂದರು. ವಯರಿಂಗ್ ಮಾಡುವವರು, "ಸ್ಪಾರ್ಕ್ ಕೊಡುವ ಕಾಯಿಲ್ ಮಾರಾಯ್ರೆ, ತಣ್ಣಗಿರುವಾಗ ಸರಿ ಇರ್ತದೆ, ಬಿಸಿಯಾದ ಮೇಲೆ ಕೈ ಕೊಡ್ತದೆ" ಅಂದರು. ಮಾತು ತಪ್ಪಲ್ಲ, ಹಳೆ ಇಂಜಿನ್‌ಗಳಲ್ಲಿ ಹಾಗೂ ಆಗುತ್ತದೆ. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ದೂರದಿಂದಲೇ ನೋಡಿ, "ಇದು ಯಾವತ್ತೋ ಡಿಪ್ರಿಸಿಯೇಶನ್ ಆಗಿ ಸೊನ್ನೆಗೆ ಬಂದಿದೆ, ರೈಟ್ ಆಫ್ ಮಾಡಿ" ಅಂತ ತೀರ್ಪು ಕೊಟ್ಟರು. ಬೆಂಗಳೂರಿಂದ ರಜೆಗೆ ಬಂದಿದ್ದ ಭಾವನ ತಮ್ಮನ ಮಗ, "ದೊಡ್ಡಪ್ಪ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಅಂದ.

"ಆಫ್ ಅದೇ ಆಗಿ ಕೊಡ್ತದೆ ಮಗ. ಆನ್ ಮಾಡುವುದು ಹೇಗೆ ಅಂತ ನೀನು ಹೇಳು."

ನಾಡದೋಣಿಯ ಒಬ್ಬರು ಬಂದು ಸೀಮೆಎಣ್ಣೆ ಹೊಯ್ಯಿರಿ ಅಂದರು. ಅವರದ್ದು ಪೆಟ್ರೋಲಿನಲ್ಲಿ ಶುರು ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುವ ಇಂಜಿನ್. ಅಂಥದರಲ್ಲಿ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಅದುಮುವ ಒತ್ತಡ, ಕಡಿಮೆ ಇಟ್ಟಿರುತ್ತಾರೆ, ಅದಕ್ಕೆ ನಡೆಯುತ್ತದೆ. ಬರೀ ಪೆಟ್ರೋಲಿನ ಇಂಜಿನ್‌ಗೆ ಅದನ್ನು ಕುಡಿಸಿದರೆ ಟಕಟಕ ಬಡಿದುಕೊಂಡು ಪಿಸ್ಟನ್ನೇ ಹಾಳಾಗುತ್ತದೆ. ಭಾವ ಬೇಡ ಅಂದರು, ದೇವರ ದಯೆ.

ಮೊದಲ ರೋಗ ಸಿಕ್ಕಿದ್ದು ಸುಮ್ನೆ. ಪೆಟ್ರೋಲ್ ಎಷ್ಟಿದೆ ನೋಡೋಣ ಅಂತ ಹುಡುಗ ಟ್ಯಾಂಕಿನ ಮುಚ್ಚಳ ತಿರುಗಿಸಿದ. "ಹುಸ್" ಅಂತ ಗಾಳಿ ಒಳಗೆ ಹೋಯಿತು, ಒಳಗೆ ಚಪ್ಪಟೆಯಾಗಿದ್ದ ಟ್ಯಾಂಕಿನ ಪಕ್ಕೆ ಟಪ್ ಅಂತ ಹೊರಗೆ ಬಂತು. ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಸಣ್ಣ ತೂತು, ಅದಕ್ಕೊಂದು ಸ್ಕ್ರೂ ಇರುತ್ತದೆ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಬರದಿದ್ದರೆ ಇಂಜಿನ್ ಎಷ್ಟು ಎಳೆದರೂ ಬಾಯಿಗೆ ಏನೂ ಸಿಗುವುದಿಲ್ಲ. ಭಾವ ಸ್ಕ್ರೂ ಬಿಚ್ಚಿಯೇ ಇಟ್ಟಿದ್ದರು. ತೂತಿನ ಮೇಲೆ ಮಾತ್ರ ಅತ್ತೆಯ ಗಂಧ, ಅದರ ಮೇಲೆ ಕುಂಕುಮ, ಒಣಗಿ ಗಾರೆಯೇ ಆಗಿತ್ತು. ಭಾವ ತಾಯಿಯ ಹತ್ತಿರ ಇದನ್ನು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದರು.

"ಪೂಜೆಗೆ ಮೊದಲು ನಿನ್ನ ಮಿಷನ್ ಎಂತ ಓಡಿ ಗುಡ್ಡೆ ಹಾಕಿದ್ದು ಉಂಟು?" ಅಂತ ಕೇಳಿದರು ಅವರು. ಅದರಲ್ಲೂ ನ್ಯಾಯ ಇತ್ತು. ಯಾಕೆಂದರೆ ತೂತು ಬಿಡಿಸಿದ ಮೇಲೆ ನಿಲ್ಲುವುದು ನಿಂತಿತು, ಬಲ ಮಾತ್ರ ಬರಲಿಲ್ಲ. ಖಾಲಿ ದೋಣಿಯಲ್ಲಿ ಮೆಲ್ಲಗೆ ಹೋದರೆ ಸರಿ. ಕಾಯಿ ತುಂಬಿಸಿ ರೇಸ್ ಕೊಟ್ಟರೆ ಗುಂಯ್ ಅಂತ ಏರಿ, ತಕ್ಷಣ ಬಿದ್ದು, ಮತ್ತೆ ಏರಿ, ಮತ್ತೆ ಬೀಳುವುದು. ಹಳೆ ಇಂಜಿನ್‌ಗೆ ಯಾವತ್ತೂ ಒಂದೇ ರೋಗ ಇರುವುದಿಲ್ಲ. ಒಂದು ವಾಸಿಯಾದಾಗಲೇ ಅದರ ಹಿಂದೆ ಅಡಗಿದ್ದ ಇನ್ನೊಂದು ಮುಖ ತೋರಿಸುವುದು.

ಈ ಹಂತದಲ್ಲಿ ಭಾವ ಆನ್‌ಲೈನಿನಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಹೊಸದು ತರಿಸಿದರು. ಇದು ಎಲ್ಲ ಕಡೆ ನಡೆಯುವುದೇ, ಅಲ್ವಾ? ಅತಿ ಜಾಸ್ತಿ ಬೆಲೆಯ ಪಾರ್ಟ್ ಮೇಲೆಯೇ ಮೊದಲ ಅನುಮಾನ. ಅನುಮಾನವೇ ಇದ್ದರೆ ಹಳೆಯದನ್ನು ಬಿಚ್ಚಿ, ಪೆಟ್ರೋಲ್ ಬರುವ ಸಣ್ಣ ಜೆಟ್ ತೊಳೆದು ನೋಡಿದ್ದರೆ ಸಾಕಿತ್ತು, ಆದರೆ ಡಬ್ಬಿ ಬಂದ ದಿನ ಅವರ ಮುಖ ನೋಡಿದವರು ಯಾರೂ ಹಾಗೆ ಹೇಳುತ್ತಿರಲಿಲ್ಲ. ಹೊಸದು ಕೂತಿತು. ಇಂಜಿನ್ ಮೊದಲಿನ ಹಾಗೇ ಏರಿತು, ಮೊದಲಿನ ಹಾಗೇ ಬಿತ್ತು.

ಆಗ ಹುಡುಗನೇ ಒಂದು ಕಂಡುಹಿಡಿದ. ಟ್ಯಾಂಕಿಂದ ಇಂಜಿನ್‌ಗೆ ಹೋಗುವ ಪೈಪಿನ ನಡುವೆ ಹಿಂಡುವ ರಬ್ಬರ್ ಬಲ್ಬು ಇರುತ್ತದಲ್ಲ, ಶುರು ಮಾಡುವಾಗ ಒತ್ತುವುದು, ಇಂಜಿನ್ ಬೀಳುವ ಹೊತ್ತಿಗೆ ಅದನ್ನು ಒತ್ತಿದರೆ ಮತ್ತೆ ಬಲ ಬರುತ್ತದೆ. ಬಿಟ್ಟರೆ ಬೀಳುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್ ಬಿಪಿ ನೋಡುವ ನರ್ಸಿನ ಹಾಗೆ ಬಲ್ಬು ಹಿಡಿದು ಕುದ್ರುವಿಂದ ಮನೆ ತನಕ ಒತ್ತುತ್ತಾ ಬಂದ. ಭಾವನಿಗೆ ಅದೇ ಪರಿಹಾರ ಅನಿಸಿತು. "ನೀನು ಊರಲ್ಲೇ ಇದ್ದುಬಿಡು, ವರ್ಕ್ ಫ್ರಮ್ ಹೋಮ್ ಉಂಟಲ್ಲ" ಅಂದರು. ಹುಡುಗ ಮರುದಿನದ ಬಸ್ಸಿಗೆ ಟಿಕೆಟ್ ಮಾಡಿದ.

ಕೊನೆಗೆ ಮಲ್ಪೆ ಕಡೆಯ ಮೇಸ್ತ್ರಿಯನ್ನು ಕರೆಸಿದರು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇದ್ದು ಟ್ರಾಲ್ ಬೋಟುಗಳೆಲ್ಲ ದಕ್ಕೆಯಲ್ಲಿ ಮಲಗಿರುವಾಗ, 10 ಅಶ್ವಶಕ್ತಿ ಒಳಗಿನ ನಾಡದೋಣಿಗಳು ಮಾತ್ರ ಕಡಲಿಗೆ ಇಳಿಯುತ್ತವೆ. ಆ ಮಳೆಗಾಲದ ಅಲೆಯಲ್ಲಿ ಕೈ ಕೊಟ್ಟ ಇಂಜಿನ್‌ಗಳನ್ನು ರಿಪೇರಿ ಮಾಡಿದ ಕೈ ಅವರದ್ದು. ಬಂದವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. "ರೇಸ್ ಕೊಟ್ಟಾಗ ಇಂಜಿನ್ ಕೂಗಿ ದೋಣಿ ಮುಂದೆ ಹೋಗದ್ದೋ, ಇಂಜಿನ್ನೇ ಬೀಳುವುದೋ ಅಣ್ಣ?" ಅಂತ ಒಂದೇ ಪ್ರಶ್ನೆ. ಇಂಜಿನ್ ಜೋರಾಗಿ ತಿರುಗಿಯೂ ದೋಣಿ ಓಡದಿದ್ದರೆ ಫ್ಯಾನಿನ ಒಳಗಿನ ರಬ್ಬರ್ ಬುಷ್ ಜಾರುತ್ತಿದೆ ಅಂತ. ನಮ್ಮದು ಹಾಗಲ್ಲ. ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಹಾಕಿದರು. ಎರಡು ಸಿಲಿಂಡರಿನ ನಡುವೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದಂತೆ, ನಮ್ಮದು ಹೆಚ್ಚು ಕಡಿಮೆ ಸಮ. ಸ್ಪಾರ್ಕ್ ಎರಡರಲ್ಲೂ ನೀಲಿ. ಪ್ಲಗ್ ತುದಿ ಮಾತ್ರ ಕಂದು ಇರಬೇಕಾದಲ್ಲಿ ಬೆಳ್ಳಗಾಗಿತ್ತು. ಅದನ್ನು ನೋಡಿ ಅವರ ಮುಖ ಸ್ವಲ್ಪ ಗಂಟಿಕ್ಕಿತು. ಹೊಟ್ಟೆಗೆ ಸಾಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಅಂತ ಅದರ ಅರ್ಥ, ಮತ್ತು ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. ಹೀಗೇ ಪೂರ್ತಿ ರೇಸಿನಲ್ಲಿ ಓಡಿಸುತ್ತಾ ಇದ್ದಿದ್ದರೆ ಪಿಸ್ಟನ್ ಹಿಡಿದುಕೊಂಡು ಬ್ಯಾಂಕಿನವರ ರೈಟ್ ಆಫ್ ನಿಜ ಆಗುತ್ತಿತ್ತು.

ಆಮೇಲೆ ಅವರು ಮಾಡಿದ್ದು ನೋಡಿ ನನಗೆ ನಗು ಬಂತು. ಪಕ್ಕದ ದೋಣಿಯ ಪೆಟ್ರೋಲ್ ಟ್ಯಾಂಕು, ಪೈಪು ಎರಡನ್ನೂ ಎರವಲು ತಂದು ನಮ್ಮ ಇಂಜಿನ್‌ಗೆ ಸಿಕ್ಕಿಸಿದರು. ಅಷ್ಟೇ. ಭಾವ, ನಾನು, ಮೇಸ್ತ್ರಿ, ಜೊತೆಗೆ ಭಾರಕ್ಕೆ ಎರಡು ಗೋಣಿ ಕಾಯಿ, ಪೂರ್ತಿ ರೇಸು. ಬಲ್ಬು ಒತ್ತುವವರು ಯಾರೂ ಇಲ್ಲ. ದೋಣಿ ಮೂತಿ ಎತ್ತಿ ಹೋಯಿತು. ದಡದ ತಜ್ಞರಲ್ಲಿ ಒಬ್ಬರಿಗೂ ಹೊಳೆಯದ, ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ.

ವಾಪಸ್ ಬಂದು ನಮ್ಮ ಪೈಪನ್ನು ಕತ್ತಿಯಿಂದ ಉದ್ದಕ್ಕೆ ಸೀಳಿ ತೋರಿಸಿದರು. ಹೊರಗಿನಿಂದ ಹೊಸತರಂತೆ ಕಪ್ಪಾಗಿ ಮಿಂಚುತ್ತಿತ್ತು. ಒಳಗಿನ ಪದರ ಬಲ್ಬಿಂದ ಇಂಜಿನ್ ಕಡೆಗೆ ಹೋಗುವ ಭಾಗದಲ್ಲಿ ಬಿಟ್ಟುಕೊಂಡು ಜೋಲುತ್ತಿತ್ತು. ಕೈಯಲ್ಲಿ ಒತ್ತಿದಾಗ ಆ ಪದರ ತೆರೆಯುತ್ತದೆ, ಇಂಜಿನ್ ಜೋರಾಗಿ ಎಳೆದಾಗ ಮುಚ್ಚಿಕೊಳ್ಳುತ್ತದೆ. ಮೆಲ್ಲಗೆ ಓಡುವಾಗ ಬೇಕಾಗುವುದೇ ಸ್ವಲ್ಪ, ಅದಕ್ಕೇ ಡ್ರಮ್ಮಿನಲ್ಲಿ ಯಾವತ್ತೂ ಪಾಸ್. "ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಉಂಟಲ್ಲ ಅಣ್ಣ, ಹಳೆ ರಬ್ಬರಿಗೆ ಆಗಿಬರುವುದಿಲ್ಲ" ಅಂದರು ಮೇಸ್ತ್ರಿ. ಈಗ ಅದು ಶೇಕಡಾ 20ರ ತನಕ ಬಂದಿದೆ. ನೀರನ್ನೂ ಎಳೆದುಕೊಳ್ಳುತ್ತದೆ, ನಮ್ಮ ಕರಾವಳಿಯ ಹವೆಯಲ್ಲಿ ಎಳೆದುಕೊಳ್ಳಲು ನೀರಿಗೇನು ಕಮ್ಮಿ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಇಂಜಿನ್ ಕುಡಿಯುವುದೂ ತಳದಿಂದಲೇ. ದೋಣಿ ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕ್ ಖಾಲಿ ಮಾಡಿ ಇಡಿ ಅಂತ ಅವರು ಹೇಳಿ ಹೋದರು. ಮೀಟರ್ ಲೆಕ್ಕದ ಪೈಪು, ಹೊಸ ಬಲ್ಬು, ಎರಡು ಕ್ಲಿಪ್, ಅವರ ಕೂಲಿ, ಎಲ್ಲ ಸೇರಿದರೂ ಆ ಕಾರ್ಬ್ಯುರೇಟರಿನ ಕೊರಿಯರ್ ಚಾರ್ಜಿಗೆ ಸ್ವಲ್ಪ ಮೇಲೆ ಆದೀತು.

ಹಳೆ ಕಾರ್ಬ್ಯುರೇಟರನ್ನು ಮೇಸ್ತ್ರಿ ತೊಳೆದು ಮತ್ತೆ ಕೂರಿಸಿದರು, ಅದೇ ಚೆನ್ನಾಗಿ ಓಡುತ್ತಿದೆ. ಹಾಗಾಗಿ ಡಬ್ಬಿ ಸಮೇತ ಒಂದು ಹೊಸ ಕಾರ್ಬ್ಯುರೇಟರ್ ಮಾರಾಟಕ್ಕಿದೆ. ಬೇಕಾದವರು ಭಾವನನ್ನೇ ಕೇಳಿ. ಅಕ್ಕ ಫೋನ್ ಎತ್ತಿದರೆ ರಾಂಗ್ ನಂಬರ್ ಅಂತ ಇಟ್ಟುಬಿಡಿ, ಅವಳ ಲೆಕ್ಕದಲ್ಲಿ ಅದು ಇನ್ನೂ ಮಿಕ್ಸಿಯ ಜಾರು.