ಸೋಪು ಮಾರಲು ನಾಚಿಕೆ ಯಾಕೆ ಬೇಕಿತ್ತು?

ಲಿವರ್‌ಪೂಲ್‌ನ ಆಚೆ ದಡದಲ್ಲಿರುವ ಪೋರ್ಟ್ ಸನ್‌ಲೈಟ್, ಸೋಪಿನ ಕಾರ್ಖಾನೆಗಾಗಿ 1888ರಲ್ಲಿ ಕಟ್ಟಲು ಶುರುಮಾಡಿದ ಊರು. ಈ ಕಡೆ ನೆಲೆಸಿದ ಮೇಲೆ ನನಗೆ ಹಳೇ ಜಾಹೀರಾತುಗಳ ಮೇಲೆ ಕುತೂಹಲ ಜಾಸ್ತಿಯಾಗಿದೆ.

ಬ್ರಿಟನ್ನಿನಲ್ಲಿ ಸೋಪಿನ ಮೇಲಿನ ಸುಂಕವೂ ಜಾಹೀರಾತಿನ ಮೇಲಿನ ತೆರಿಗೆಯೂ ಹೋದದ್ದು ಒಂದೇ ವರ್ಷ, 1853ರಲ್ಲಿ. ಆಗೆಲ್ಲ ಸೋಪಿಗೆ ಹೆಸರೇ ಬೇಕಿರಲಿಲ್ಲ. ಅಂಗಡಿಯವನು ಉದ್ದನೆಯ ಗಟ್ಟಿಯಿಂದ ಕತ್ತರಿಸಿ, ತೂಗಿ ಕೊಡುತ್ತಿದ್ದ. ದಿನಸಿ ವ್ಯಾಪಾರಿಯ ಮಗ ವಿಲಿಯಂ ಲಿವರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1884ರಲ್ಲಿ ಆತ 'ಸನ್‌ಲೈಟ್' ಹೆಸರು ನೋಂದಾಯಿಸಿದ, ಸಣ್ಣ ಬಿಲ್ಲೆಗಳನ್ನು ಕಾಗದದಲ್ಲಿ ಸುತ್ತಿ ಮಾರಿದ. ಗಿರಾಕಿ ಈಗ ಹೆಸರು ಹೇಳಿ ಕೇಳತೊಡಗಿದಳು. ಅಂಗಡಿಯವನ ಮಾತಿಗಿಂತ ಗೋಡೆ ಮೇಲಿನ ಪೋಸ್ಟರಿನ ಮಾತು ದೊಡ್ಡದಾಯಿತು.

ಇಲ್ಲಿನ ಲೇಡಿ ಲಿವರ್ ಗ್ಯಾಲರಿಯ ಸಂಗ್ರಹದಲ್ಲಿ ಫ್ರಿತ್ ಎಂಬ ಕಲಾವಿದನ ಒಂದು ಚಿತ್ರವಿದೆ. ಪುಟ್ಟ ಹುಡುಗಿ ತನ್ನ ಬಿಳಿ ಉಡುಪನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತಾಳೆ. ಹೊಸ ಬಟ್ಟೆ ಸಿಕ್ಕ ಖುಷಿ, ಅಷ್ಟೇ. ಲಿವರ್ ಅದನ್ನು 1889ರಲ್ಲಿ ಕೊಂಡು 'ಎಷ್ಟು ಶುಭ್ರ' ಎಂದು ಬರೆಸಿ ಸೋಪಿನ ಜಾಹೀರಾತು ಮಾಡಿದ. ಮಗುವಿನ ಸಂತೋಷ ತಾಯಂದಿರಿಗೆ ಪರೀಕ್ಷೆಯಾಯಿತು: ನಿಮ್ಮ ಮಗಳ ಬಟ್ಟೆ ಇಷ್ಟು ಬೆಳ್ಳಗಿದೆಯಾ?

ಇನ್ನೊಂದು ಜಾಹೀರಾತು, ಗಂಡಸಿಗಿಂತ ಹೆಂಗಸು ಬೇಗ ಮುದುಕಿಯಂತೆ ಕಾಣುವುದೇಕೆ ಎಂದು ಕೇಳಿತು. ನೀರು ಕಾಯಿಸಿ, ಬಟ್ಟೆ ಉಜ್ಜಿ, ಹಿಂಡುವ ಕಷ್ಟ ನಿಜವೇ. ಒಳ್ಳೆಯ ಸೋಪು ಅದನ್ನು ಕಡಿಮೆ ಮಾಡಿತು, ಒಪ್ಪುತ್ತೇನೆ. ಅದನ್ನಷ್ಟೇ ಹೇಳಬಹುದಿತ್ತಲ್ವಾ? ಅವಳ ಮುಖದ ಸುಕ್ಕು ಯಾಕೆ ಬೇಕಿತ್ತು?

ಪಿಯರ್ಸ್ ಕಂಪನಿ 1899ರಲ್ಲಿ ಇನ್ನೂ ಮುಂದೆ ಹೋಯಿತು. ಕಪ್ಪು ಜನರಿಗೆ ಶುಚಿತ್ವ ಕಲಿಸುವುದು ಬಿಳಿಯರ ಹೊಣೆ ಎಂದೇ ಸೋಪು ಮಾರಿತು. ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟಿನಲ್ಲಿ ಮೈ ತೊಳೆಯುತ್ತಿದ್ದ ನಾಡಿನವನಾದ ನನಗೆ ಅದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ.

ಮೈಸೂರು ಸಂಸ್ಥಾನಕ್ಕೂ ಬೇಡಿಕೆ ಹುಟ್ಟಿಸಬೇಕಾದ ಅಗತ್ಯ ಬಂದಿತ್ತು. ಮೊದಲ ಮಹಾಯುದ್ಧದಿಂದ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತು ರಾಶಿ ಬಿತ್ತು. ನಾಲ್ವಡಿಯವರು, ವಿಶ್ವೇಶ್ವರಯ್ಯನವರು ಗಂಧದೆಣ್ಣೆ ತೆಗೆಸಿದರು, ಎಸ್.ಜಿ. ಶಾಸ್ತ್ರಿಯವರು ಸೋಪು ರೂಪಿಸಿದರು. ಒಡವೆ ಪೆಟ್ಟಿಗೆಯಂಥ ಪೊಟ್ಟಣ, ಅದರ ಮೇಲೆ ಶರಭದ ಲಾಂಛನ. ಅದೂ ಆಸೆ ಹುಟ್ಟಿಸುವ ಕೆಲಸವೇ. ಆದರೆ ನಮ್ಮ ಕಾಡಿನ ಪರಿಮಳ ಇಲ್ಲಿದೆ, ಬೇಕಿದ್ದರೆ ಕೊಳ್ಳಿ ಎನ್ನುವ ಧಾಟಿ ಅದರದು. ಕೊಳ್ಳುವವರನ್ನು ಕುಗ್ಗಿಸದೆಯೂ ಮಾರಬಹುದು ಎಂದು ನಾನು ನಂಬುವುದು ಆ ಪೊಟ್ಟಣವನ್ನು ನೋಡಿಯೇ.