ಕ್ಲೋರಿನ್ ಹೋದರಷ್ಟೇ ಸಾಲದು

ಕಾವೇರಿ ನೀರನ್ನು ಒಂದು ದಿನ ಬಕೆಟ್‌ನಲ್ಲಿ ಹಿಡಿದಿಟ್ಟು ಕ್ಲೋರಿನ್ ನಿವಾರಕದ ಹನಿ ಹಾಕಿದರೆ ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ ಸಾಕು ಎಂದು ಅದರ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪುವುದಿಲ್ಲ. ಗೋಲ್ಡ್‌ಫಿಶ್ ತೊಟ್ಟಿಗೆ ಅದು ಸರಿ; ಆದರೆ ನೀರಿನಲ್ಲಿ ಕರಗಿರುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್‌ಗಳನ್ನು ಆ ಹನಿಗಳು ಮುಟ್ಟುವುದೇ ಇಲ್ಲ. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರೀ ನೀರಾದ್ದರಿಂದ, ಆ ಕೊರತೆಯನ್ನು ದಿನವೂ ನಲ್ಲಿ ನೀರಿನಿಂದ ತುಂಬುತ್ತಾ ಹೋದಂತೆ ಇವೆಲ್ಲ ಒಳಗೇ ಸೇರಿಕೊಂಡು ಪಾಚಿಗೆ ಆಹಾರವಾಗುತ್ತವೆ. ಬೋರ್‌ವೆಲ್ ನೀರಿನ ಮಾತಂತೂ ಬೇಡವೇ ಬೇಡ.

ನನಗೆ ಇನ್ನೂ ಹೆಚ್ಚು ಆತಂಕ ತಂದದ್ದು, ಅಡುಗೆಮನೆಯ ಆರ್‌ಒ (ಪೊರೆಯ ಮೂಲಕ ಸೋಸುವ ಯಂತ್ರ) ನೀರನ್ನು ಕಣ್ಣು ಮುಚ್ಚಿ ಬಳಸಬಹುದು ಎಂಬ ಸಾಲು. ಕುಡಿಯುವ ನೀರಿನ ಎಷ್ಟೋ ಯಂತ್ರಗಳು ರುಚಿಗಾಗಿ ಪೊರೆ ದಾಟದ ನೀರನ್ನು ಸ್ವಲ್ಪ ಮರಳಿ ಬೆರೆಸುತ್ತವೆ. ಈಚಿನ ಹಲವು ಮಾದರಿಗಳಲ್ಲಿ ತಾಮ್ರ ಸೇರಿಸುವ ಕಾರ್ಟ್ರಿಜ್ ಕೂಡ ಇರುತ್ತದೆ. ನಮಗೆ ಹಿತವೆನ್ನುವ ಆ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಸೀಗಡಿ, ಬಸವನಹುಳು, ಹವಳಗಳಿಗೆ ವಿಷವೇ ಸರಿ. ಬಸವನಗುಡಿಯ ನಮ್ಮ ಮನೆಯಲ್ಲಿ ಈ ಯಂತ್ರದ ನಲ್ಲಿಯಿಂದ ಬರುವ ನೀರಿಗೆ, ಕರಗಿರುವ ಲವಣಗಳ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ 60ರ ಆಸುಪಾಸು ತೋರಿಸುತ್ತದೆ; ಪೊರೆಯಿಂದ ನೇರವಾಗಿ ತೆಗೆದು, ಉಳಿದ ಲವಣಗಳನ್ನೂ ಹಿಡಿದಿಟ್ಟುಕೊಳ್ಳುವ ಡಿಐ ರೆಸಿನ್ ಮೂಲಕ ಹರಿಸಿದ ನೀರಿನಲ್ಲಿ ಅದು 0 ಆಗುತ್ತದೆ. ಉಪ್ಪು ಬೆರೆಸಬೇಕಾದದ್ದು ಈ ನೀರಿಗೆ. ಪಂಪ್ ಮತ್ತು ಹೀಟರ್ ಇಟ್ಟು ಚೆನ್ನಾಗಿ ಕರಗಿಸಿ, ಲವಣಾಂಶ ಸಾವಿರಕ್ಕೆ 35ರಷ್ಟಿದೆ ಎಂದು ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದ ನಂತರವೇ ತೊಟ್ಟಿಗೆ ಸುರಿಯಬೇಕು. ಮೀಟರ್ 0 ಬಿಟ್ಟು ಮೇಲೇರಿದ ದಿನವೇ ರೆಸಿನ್ ಬದಲಿಸಬೇಕೆಂಬುದನ್ನೂ ಲೇಖಕರು ದಯವಿಟ್ಟು ಸೇರಿಸಲಿ.